ಭೀಮಾ ತೀರದ ತತ್ವಪದ ಪರಂಪರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ಸೀಮೆಯಲ್ಲಿ ಕಲೆಗೆ ಆಶ್ರಯ ನೀಡಿದ್ದು ರಂಗಮಂದಿರಗಳಿಗಿಂತ ಹೆಚ್ಚಾಗಿ ಮಠ, ದರ್ಗಾ ಹಾಗೂ ಊರ ಕಟ್ಟೆಗಳು. ತತ್ವಪದ ಗಾಯನ ಇಲ್ಲಿನ ಪ್ರಮುಖ ಪರಂಪರೆ.

ಈ ಪರಂಪರೆಯ ಹಿರಿಯರು 18-19ನೇ ಶತಮಾನದ ಕಡಕೋಳ ಮಡಿವಾಳಪ್ಪ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಜನಿಸಿದ ಅವರು ಕಡಕೋಳದಲ್ಲಿ ನೆಲೆನಿಂತರು. ಬಹುಕಾಲ ಜೇವರ್ಗಿ ತಾಲ್ಲೂಕಿನಲ್ಲಿದ್ದ ಈ ಗ್ರಾಮ ಇಂದು ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಜಾತಿ, ಮತಗಳ ಗಡಿಯನ್ನು ಅವರು ಲೆಕ್ಕಿಸಲಿಲ್ಲ. ಮುಸ್ಲಿಮರಾದ ಚನ್ನೂರು ಜಲಾಲಸಾಹೇಬ, ಬ್ರಾಹ್ಮಣರಾದ ಖೈನೂರು ಕೃಷ್ಣಪ್ಪ ಅವರ ಶಿಷ್ಯರಾಗಿ ಸ್ವತಃ ಪದ ಕಟ್ಟಿದರು. ಆಡುನುಡಿಯಲ್ಲಿ ರಚಿತವಾದ ಈ ಪದಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಭಜನೆಯಲ್ಲಿ ಹಾಡಲ್ಪಡುತ್ತವೆ. ಮೇಲ್ನೋಟಕ್ಕೆ ಸರಳವೆನಿಸಿದರೂ ಒಳಾರ್ಥ ಗೂಢವಾದುದು.

ಇದೇ ಬೆರಕೆಯ ಬದುಕು ನೆರೆಯ ಕ್ಷೇತ್ರಗಳಲ್ಲೂ ಕಾಣುತ್ತದೆ. ಗಾಣಗಾಪುರದ ದತ್ತ ಕ್ಷೇತ್ರದಲ್ಲಿ ಕನ್ನಡ, ಮರಾಠಿ ಭಜನೆಗಳೆರಡೂ ಕೇಳಿಬರುತ್ತವೆ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಮೊಹರಂ ಬಂತೆಂದರೆ ಈ ಭಾಗದ ಹಳ್ಳಿಗಳಲ್ಲಿ ಹಿಂದೂಗಳೂ ಕನ್ನಡದ ರಿವಾಯತ್ ಪದ ಹಾಡುತ್ತಾರೆ.

ತತ್ವಪದಗಳ ಪಠ್ಯ ಈಗ ಮುದ್ರಣಗೊಂಡು ಸಂಪುಟಗಳಲ್ಲಿ ಭದ್ರವಾಗಿದೆ. ಆದರೆ ಧಾಟಿ ಪುಸ್ತಕದಲ್ಲಿಲ್ಲ. ಅದು ಹಿರಿಯ ಗಾಯಕರ ಕಂಠದಲ್ಲಿದೆ. ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಕಿರಿಯರು ಕುಳಿತು ಕಲಿತರಷ್ಟೇ ಅದು ಮುಂದಿನ ತಲೆಮಾರಿಗೆ ದಾಟೀತು.