ಪ್ರಶಾಂತ ಬಡಾವಣೆಯಲ್ಲೊಂದು ಮನೆ

ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ಶಿಷ್ಯನೊಬ್ಬ ಪತ್ರಿಕೆಯ ತುಣುಕೊಂದನ್ನು ಹಿಡಿದು ಮನೆಗೆ ಬಂದ. "ಪ್ರಶಾಂತ ವಾತಾವರಣ, ಅಗಲವಾದ ರಸ್ತೆ, ಕಾವೇರಿ ನೀರು, ದಾಖಲೆಗಳು ಸ್ಪಷ್ಟ" ಎಂದು ಅದರಲ್ಲಿ ಅಚ್ಚಾಗಿತ್ತು. ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ ನಲವತ್ತು–ಅರವತ್ತರ ನಿವೇಶನದ ಮೇಲಿನ ಮನೆ. "ಮೇಷ್ಟ್ರೇ, ಮೂವತ್ತು ವರ್ಷ ದುಡಿದಿದ್ದೇನೆ. ಅಮ್ಮನಿಗೆ ಕೊನೆಗಾಲದಲ್ಲಿ ಒಂದು ಒಳ್ಳೆಯ ಬೀದಿಯಲ್ಲಿ ಮನೆ ಮಾಡಿಕೊಡಬೇಕು ಅಂತ ಆಸೆ. ನೀವೂ ಬಂದು ನೋಡಿ" ಎಂದ. ನಾನು ಮೂವತ್ತನಾಲ್ಕು ವರ್ಷ ಚರಿತ್ರೆಯನ್ನು ಬೋಧಿಸಿದವನು. ಅದೇ ಬಡಾವಣೆಗಳ ನಡುವೆ ಬೆಳೆದವನು. ಸಂತೋಷದಿಂದ ಹೊರಟೆ. ಅಲ್ಲಿ ನಡೆದುದನ್ನು ಹೇಳುವ ಮೊದಲು, ಆ ಪ್ರಶಾಂತ ಬೀದಿಗಳು ಹುಟ್ಟಿದ ಬಗೆಯನ್ನು ಓದುಗರ ಮುಂದೆ ಇಡುವುದು ಅವಶ್ಯ.

ಬೆಂಗಳೂರಿನ ಹಳೆಯ ಬಡಾವಣೆಗಳ ಶಾಂತಿಗೆ ಮೂಲ ಕಾರಣ ಒಂದು ಭಯ. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿತು. ಆಗ ಊರು ಎಂದರೆ ಪೇಟೆ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ಅಂಗಡಿ, ಮನೆ, ಕಾಳಿನ ಮಂಡಿ, ದನದ ಕೊಟ್ಟಿಗೆ ಎಲ್ಲವೂ ಒಂದಕ್ಕೊಂದು ಆತುಕೊಂಡಿದ್ದವು. ಕಾಳಿದ್ದ ಕಡೆ ಇಲಿ, ಇಲಿಯಿದ್ದ ಕಡೆ ಚಿಗಟ. ರೋಗವನ್ನು ಇಲಿಯಿಂದ ಮನುಷ್ಯನಿಗೆ ಒಯ್ಯುವುದು ಚಿಗಟವೇ ಎಂಬ ಸಂಗತಿಯನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮೊಂ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಆದರೆ ಆ ತಿಳಿವಳಿಕೆಯನ್ನು ಲೋಕ ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷಗಳು ಹಿಡಿದವು. ಇಕ್ಕಟ್ಟು, ಕೊಳಕು, ಕೆಟ್ಟ ಗಾಳಿ ಇವೇ ರೋಗದ ತವರು ಎಂದು ಆಗಿನ ಅಧಿಕಾರಿಗಳು ನಂಬಿದ್ದರು.

1888ರ ಸುಮಾರಿಗೆ ಹುಟ್ಟಿದ ನನ್ನ ಅಜ್ಜಿ ಆ ದಿನಗಳನ್ನು ಕಣ್ಣಾರೆ ಕಂಡವರು. ಅರಳೇಪೇಟೆಯ ಮನೆಯಲ್ಲಿ ಒಂದು ಬೆಳಿಗ್ಗೆ "ಇಲಿ ಬಿತ್ತು" ಎಂಬ ಮಾತು ಕೇಳಿದೊಡನೆ, ಒಲೆಯ ಮೇಲಿದ್ದ ಅನ್ನವನ್ನೂ ಇಳಿಸದೆ ಎಲ್ಲರೂ ಊರಾಚೆಯ ಬಯಲಿಗೆ ಓಡಿದರಂತೆ. ಸೋಗೆಯ ಗುಡಿಸಲಿನಲ್ಲಿ ನಾಲ್ಕು ತಿಂಗಳು ಕಳೆದು ಹಿಂತಿರುಗಿದಾಗ ಬೀದಿಯಲ್ಲಿ ಬೀಗ ಹಾಕಿದ ಬಾಗಿಲುಗಳೇ ಹೆಚ್ಚಾಗಿದ್ದವಂತೆ. ಜನಗಣತಿಯ ಅಂಕಿಗಳೂ ಇದಕ್ಕೆ ಸಾಕ್ಷಿ ಹೇಳುತ್ತವೆ. 1891ರಲ್ಲಿ ನಗರ ಮತ್ತು ದಂಡು ಎರಡೂ ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆಗಿ ನೇಮಕಗೊಂಡರು. ರೈಲು ನಿಲ್ದಾಣಗಳಲ್ಲಿ ತಪಾಸಣೆ ನಡೆಯಿತು. ರೋಗಿಗಳನ್ನು ಬೇರೆ ಇರಿಸಲು ಶಿಬಿರಗಳು ಎದ್ದವು. ಊರಿನ ಜನದಟ್ಟಣೆಯನ್ನು ಕಡಿಮೆ ಮಾಡಲೆಂದು ಎರಡು ದೊಡ್ಡ ಬಡಾವಣೆಗಳನ್ನು ಕೈಗೆತ್ತಿಕೊಳ್ಳಲಾಯಿತು. ದಕ್ಷಿಣಕ್ಕೆ ಸುಮಾರು 440 ಎಕರೆಯ ಬಸವನಗುಡಿ, ವಾಯವ್ಯಕ್ಕೆ ಸುಮಾರು 291 ಎಕರೆಯ ಮಲ್ಲೇಶ್ವರ. ಚಾಮರಾಜಪೇಟೆ ಮತ್ತು ಶೇಷಾದ್ರಿಪುರಗಳು ಇದಕ್ಕೆ ಮೊದಲೇ, 1892ರಲ್ಲಿ ರೂಪುಗೊಂಡಿದ್ದವು. ಆದರೆ "ಎಕ್ಸ್‌ಟೆನ್ಷನ್" ಎಂಬ ಮಾತು ಮನೆಮಾತಾದದ್ದು ಈ ಎರಡರಿಂದಲೇ ಎನ್ನಬಹುದು. ನೇರವಾದ ಅಗಲ ರಸ್ತೆಗಳು, ಒಂದಕ್ಕೊಂದು ಅಡ್ಡ ಹಾಯುವ ಕ್ರಾಸುಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಬಿಟ್ಟ ಜಾಗ, ನಡುನಡುವೆ ಉದ್ಯಾನ. ಇಂದು ನಾವು ಸೊಗಸು ಎಂದು ಕರೆಯುವುದೆಲ್ಲ ಅಂದು ಆರೋಗ್ಯ ಶಾಸ್ತ್ರದ ಲೆಕ್ಕಾಚಾರವಾಗಿತ್ತು.

ಈ ನೆಲವೇನೂ ಖಾಲಿ ಬಿದ್ದಿರಲಿಲ್ಲ. ದೊಡ್ಡ ಬಸವಣ್ಣನ ಗುಡಿ ಇದ್ದದ್ದು ಸುಂಕೇನಹಳ್ಳಿಯಲ್ಲಿ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ, ಅಲ್ಲಿ ಹೊಲಗಳಿದ್ದ ಕಾಲದ ನೆನಪು. ಮಲ್ಲೇಶ್ವರದ ಕಾಡು ಮಲ್ಲಿಕಾರ್ಜುನ ದೇವಸ್ಥಾನದ ಬಳಿಯಿರುವ 1669ರ ಶಾಸನ, ಶಿವಾಜಿಯ ಸೋದರ ಏಕೋಜಿಯು ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದೇವರಿಗೆ ದತ್ತಿಯಾಗಿ ಬಿಟ್ಟುದನ್ನು ಹೇಳುತ್ತದೆ. ಆ ಹಳ್ಳಿಯ ಹೆಸರು ಇಂದು ಆ ಕಲ್ಲಿನ ಮೇಲೆ ಉಳಿದಿರುವಷ್ಟು ಜನರ ನಾಲಗೆಯ ಮೇಲೆ ಉಳಿದಿಲ್ಲ.

ನಮ್ಮ ಮುತ್ತಜ್ಜನಿಗೂ ಬಸವನಗುಡಿಯಲ್ಲಿ ನಿವೇಶನ ಕೊಳ್ಳುವ ಅವಕಾಶ ಒದಗಿತ್ತಂತೆ. "ನರಿ ಕೂಗೋ ಜಾಗದಲ್ಲಿ ಮನೆ ಕಟ್ಟಿ ಯಾರು ಸಾಯೋದು?" ಎಂದು ಅವರು ಕೈಬಿಟ್ಟರು. ಅದರ ಫಲವಾಗಿ ನಾನು ಅದೇ ಬಸವನಗುಡಿಯ ವಠಾರವೊಂದರಲ್ಲಿ, ಎರಡು ಕೋಣೆಯ ಬಾಡಿಗೆ ಭಾಗದಲ್ಲಿ ಬೆಳೆದೆ. ಇದನ್ನು ಹೇಳಿ ಅಜ್ಜಿ ಕೊನೆಯವರೆಗೂ ನಗುತ್ತಿದ್ದರು.

ಆ ಬಡಾವಣೆಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಗಳು ಎರಡಿವೆ. ಮೊದಲನೆಯದು, ನಿವೇಶನಗಳನ್ನು ವಿಂಗಡಿಸಿದ ರೀತಿ. ಬಡಾವಣೆಯ ಒಂದೊಂದು ಭಾಗವನ್ನು ಒಂದೊಂದು ಜಾತಿಗೆ, ಸಮುದಾಯಕ್ಕೆ ಎಂದು ಗುರುತಿಸಲಾಗಿತ್ತು. ಪೇಟೆಯಲ್ಲಿ ಕಸುಬಿನ ಮೇಲೆ ಕೇರಿಗಳು ಬೆಳೆದಿದ್ದವು. ಅವು ಶತಮಾನಗಳಲ್ಲಿ ತಾವಾಗಿ ಬೆಳೆದವು. ಇಲ್ಲಿಯಾದರೋ ಹೊಸ ಕಾಲದ ಎಂಜಿನಿಯರು ಅಳತೆಪಟ್ಟಿ ಹಿಡಿದು ಹಳೆಯ ಗೆರೆಗಳನ್ನೇ ನಕ್ಷೆಯ ಮೇಲೆ ಮತ್ತೆ ಎಳೆದ. ರೋಗವನ್ನು ದೂರವಿಡಲು ಬಿಟ್ಟ ಅಂತರವು ಜನರನ್ನೂ ದೂರವಿಡುವ ಅಂತರವಾಯಿತು.

ಎರಡನೆಯದು, ಮನೆಗಳ ಹಿಂದಿನ ಓಣಿ. ಮನೆಯ ಮುಂದೆ ಅಗಲ ರಸ್ತೆ, ಸಂಪಿಗೆ ಮರ, ರಂಗೋಲಿ. ಹಿಂದೆ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಕಿರಿದಾದ ಸಂದಿ. ಕನ್ಸರ್ವೆನ್ಸಿ ಎಂದು ಅದಕ್ಕೆ ಹೆಸರು. ಒಳಚರಂಡಿ ಬಾರದಿದ್ದ ಕಾಲದಲ್ಲಿ ಕಕ್ಕಸಿನ ಹಿಂದಿನ ಸಣ್ಣ ಕಿಂಡಿಬಾಗಿಲು ಆ ಓಣಿಗೆ ತೆರೆದುಕೊಳ್ಳುತ್ತಿತ್ತು. ಬೆಳಗಿನ ಜಾವ ಮಲ ತುಂಬಿದ ಡಬ್ಬಿಯನ್ನು ತೆಗೆದು ಹೊತ್ತೊಯ್ಯುವವರು ಅಲ್ಲಿಂದ ಬರುತ್ತಿದ್ದರು, ಅಲ್ಲಿಂದಲೇ ಹೋಗುತ್ತಿದ್ದರು. ಹುಡುಗನಾಗಿದ್ದಾಗ ನನಗೆ ಗೊತ್ತಿದ್ದುದು ತಗಡಿನ ಡಬ್ಬಿಯ ಸದ್ದು ಮಾತ್ರ. ಅದನ್ನು ಹೊತ್ತವರ ಮುಖವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕಾಣಬಾರದೆಂದೇ ಆ ಓಣಿ ಇತ್ತು ಎಂಬುದು ಬಹಳ ಕಾಲದ ಮೇಲೆ ಹೊಳೆಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶದ ಮಟ್ಟದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಬಂದಿತು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಬಸವನಗುಡಿಯ ನಕ್ಷೆ ಸಿದ್ಧವಾಗುತ್ತಿದ್ದ 1898ರಲ್ಲಿಯೇ ಇಂಗ್ಲೆಂಡಿನ ಎಬನೇಜರ್ ಹೋವರ್ಡ್, ಊರಿನ ಅನುಕೂಲವೂ ಹಳ್ಳಿಯ ಗಾಳಿಯೂ ಒಂದೇ ಕಡೆ ದೊರೆಯುವ ಉದ್ಯಾನ ನಗರದ ಕಲ್ಪನೆಯನ್ನು ಪುಸ್ತಕ ರೂಪದಲ್ಲಿ ಪ್ರಕಟಿಸಿದ. ಅದರ ಪ್ರಭಾವದಿಂದ ಲಂಡನ್ನಿನ ಅಂಚಿನಲ್ಲಿ 1907ರಲ್ಲಿ ಹ್ಯಾಂಪ್‌ಸ್ಟೆಡ್ ಉದ್ಯಾನ ಬಡಾವಣೆ ಆರಂಭವಾಯಿತು. ಅದರ ಹಿಂದಿದ್ದ ಹೆನ್ರಿಯೆಟಾ ಬಾರ್ನೆಟ್ ಎಂಬ ಮಹಿಳೆಯ ಉದ್ದೇಶ, ಎಲ್ಲ ವರ್ಗದವರೂ ಎಲ್ಲ ಆದಾಯದವರೂ ಅಕ್ಕಪಕ್ಕದಲ್ಲಿ ಬಾಳಬೇಕು ಎಂಬುದು. ಮನೆಗಳ ನಡುವೆ ಗೋಡೆ ಬೇಡ, ಹಸಿರು ಬೇಲಿ ಸಾಕು ಎಂದಾಕೆ ಬಯಸಿದಳು. ಬೇಲಿಗಳು ಉಳಿದಿವೆ. ಆದರೆ ಇಂದು ಅದು ಲಂಡನ್ನಿನ ಅತ್ಯಂತ ದುಬಾರಿ ವಸತಿ ಪ್ರದೇಶಗಳಲ್ಲಿ ಒಂದು. ಬಡವರನ್ನು ಅಲ್ಲಿಂದ ಯಾರೂ ಹೊರದೂಡಲಿಲ್ಲ. ಬೆಲೆಯೇ ಆ ಕೆಲಸವನ್ನು ಮಾಡಿತು.

ನಮ್ಮಲ್ಲಿ 1945ರಲ್ಲಿ ಬೆಂಗಳೂರಿನ ನಗರಾಭಿವೃದ್ಧಿಗಾಗಿ ಸಿ.ಐ.ಟಿ.ಬಿ. ಸ್ಥಾಪನೆಯಾಯಿತು. ಮೈಸೂರಿನಲ್ಲಿ ಇಂತಹ ಮಂಡಳಿ 1903ರಲ್ಲಿಯೇ ಬಂದಿತ್ತು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರಿಂದ ಜಯನಗರಕ್ಕೆ ಶಂಕುಸ್ಥಾಪನೆ ನಡೆಯಿತು. ಅದೇ 1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಕರಿಯರಿಗೆ ಮನೆ ಮಾರಬಾರದೆಂದು ಕ್ರಯಪತ್ರಗಳಲ್ಲಿ ಬರೆದುಕೊಳ್ಳುತ್ತಿದ್ದ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪು ನೀಡಿತು. ಸ್ವತಂತ್ರ ಭಾರತದ ಹೊಸ ಬಡಾವಣೆಗಳಲ್ಲಿ ಜಾತಿಗೊಂದು ಭಾಗ ಎಂಬ ಮಾತಿರಲಿಲ್ಲ. ಅರ್ಜಿ ಹಾಕಿದವರಿಗೆ ಹಂಚಿಕೆ. 1976ರಲ್ಲಿ ಸಿ.ಐ.ಟಿ.ಬಿ. ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ, 1984ರ ಹಂಚಿಕೆ ನಿಯಮಗಳಲ್ಲಿ ಪರಿಶಿಷ್ಟರಿಗೆ ಮೀಸಲು ಸ್ಥಾನವೂ ಇತ್ತು. ಸರಕಾರ ಹಂಚುವಾಗ ಕಾನೂನು ಹೀಗೆ ನಿಂತಿತು. ಆದರೆ ಒಬ್ಬ ಇನ್ನೊಬ್ಬನಿಗೆ ಮಾರುವಾಗ? 2005ರಲ್ಲಿ ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸುವ ಉಪವಿಧಿಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇನ್ನು ಬಿಡಿ ಮನೆಯ ಯಜಮಾನನ ಮನಸ್ಸಿಗೆ ಉಪವಿಧಿಯ ಅಗತ್ಯವೂ ಇಲ್ಲ.

ಈಗ ಆ ಭಾನುವಾರಕ್ಕೆ ಹಿಂತಿರುಗುತ್ತೇನೆ.

ಮನೆ ಚೆನ್ನಾಗಿತ್ತು. ರೆಡ್ ಆಕ್ಸೈಡ್ ನೆಲ, ಮುಂದೆ ಪಾರಿಜಾತ, ಹಿತ್ತಲಿನಲ್ಲಿ ಎರಡು ತೆಂಗು. ಹಿಂದಿನ ಕನ್ಸರ್ವೆನ್ಸಿ ಓಣಿಗೆ ಕಲ್ಲು ಹಾಸಿ, ಯಾರೋ ಗಿಡಗಳ ಕುಂಡ ಇಟ್ಟಿದ್ದರು. ನನ್ನ ಶಿಷ್ಯ ಅಲ್ಲಿ ತುಸು ಹೊತ್ತು ನಿಂತ. "ನಮ್ಮಜ್ಜಿ ಈ ಕಡೆಯ ಓಣಿಗಳಲ್ಲೇ ಕೆಲಸ ಮಾಡ್ತಿದ್ದಳು, ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿದ. ಅವನ ತಂದೆ ಪೌರಕಾರ್ಮಿಕರಾಗಿದ್ದರೆಂದು ನನಗೆ ಗೊತ್ತಿತ್ತು. ಅಜ್ಜಿಯ ವಿಷಯ ಗೊತ್ತಿರಲಿಲ್ಲ. ನನ್ನ ಬಾಲ್ಯದ ಆ ತಗಡಿನ ಸದ್ದು ಕಿವಿಯಲ್ಲಿ ಹಾಯ್ದು ಹೋಯಿತು.

ಯಜಮಾನರು ವಯಸ್ಸಾದವರು, ಸಭ್ಯರು. ಕಾಫಿ ಕೊಟ್ಟರು. ಮೂಲ ಹಂಚಿಕೆ ಪತ್ರ, ಶುದ್ಧ ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳು ಎಲ್ಲವನ್ನೂ ತೋರಿಸಿದರು. ಬೆಲೆಯ ಮಾತೂ ಒಂದು ಹದಕ್ಕೆ ಬಂದಿತು. ಆಮೇಲೆ ಅವರು ನನ್ನ ಕಡೆ ತಿರುಗಿ, "ತಪ್ಪು ತಿಳೀಬೇಡಿ ಮೇಷ್ಟ್ರೇ, ಇವರು ನಿಮ್ಮ ಕಡೆಯವರೋ?" ಎಂದು ಕೇಳಿದರು. "ನನ್ನ ಶಿಷ್ಯ" ಎಂದೆ. "ಅದು ಸರಿ, ಯಾವ ಜನ ಅಂತ..." ಎಂದರು. ನಾನು ಲೋಟವನ್ನು ನೋಡುತ್ತ ಕುಳಿತೆ. ಶಿಷ್ಯನೇ ತಲೆಯೆತ್ತಿ ಉತ್ತರಿಸಿದ. "ಸಂತೋಷ, ಮಗನನ್ನು ಒಂದು ಮಾತು ಕೇಳಿ ತಿಳಿಸ್ತೀನಿ" ಎಂದರು ಅವರು.

ಮೂರನೆಯ ದಿನ ದೂರವಾಣಿ ಬಂದಿತು. ಮಗ ಸದ್ಯಕ್ಕೆ ಮಾರುವುದು ಬೇಡವೆಂದನಂತೆ. ಮುಂದಿನ ಭಾನುವಾರದ ಪತ್ರಿಕೆಯಲ್ಲಿ ಅದೇ ಜಾಹೀರಾತು ಮತ್ತೆ ಇತ್ತು.

ಶಿಷ್ಯ ಯಾರನ್ನೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಯಜಮಾನರ ಪ್ರಶ್ನೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ನನ್ನ ಮೌನ. ತರಗತಿಯಲ್ಲಿ ಅಸ್ಪೃಶ್ಯತೆಯ ನಿವಾರಣೆ, ಸಂವಿಧಾನದ ಹದಿನೇಳನೆಯ ವಿಧಿ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ! ಆ ಹುಡುಗನೂ ಮೂರನೆಯ ಬೆಂಚಿನಲ್ಲಿ ಕುಳಿತು ಅದನ್ನು ಬರೆದುಕೊಂಡವನೇ. "ಈ ಪ್ರಶ್ನೆಗೂ ಮನೆ ಮಾರುವುದಕ್ಕೂ ಸಂಬಂಧವಿಲ್ಲ ಸ್ವಾಮಿ" ಎಂಬ ಒಂದು ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. ಅವರ ಮನೆಯ ಕಾಫಿ ಕುಡಿಯುತ್ತ ಅವರಿಗೆ ಮುಜುಗರ ಮಾಡಬಾರದೆಂಬ ದಾಕ್ಷಿಣ್ಯ. ಇಂತಹ ದಾಕ್ಷಿಣ್ಯಗಳಿಂದಲೇ ನಮ್ಮ ಬೀದಿಗಳು ಇಷ್ಟು ಪ್ರಶಾಂತವಾಗಿ ಉಳಿದುಬಂದಿವೆಯೇನೋ.

ನಾಲ್ಕು ದಿನಗಳ ಬಳಿಕ ಅವನ ಮನೆಗೆ ಹೋಗಿ, "ತಪ್ಪಾಯಿತಪ್ಪ, ಆ ದಿನ ನಾನು ಮಾತನಾಡಬೇಕಿತ್ತು" ಎಂದೆ. ಅವನು ನಕ್ಕು, "ಮುಂದಿನ ಮನೆಗೆ ಬನ್ನಿ ಮೇಷ್ಟ್ರೇ, ಅಲ್ಲಿ ಮಾತಾಡಿ" ಎಂದ.

ಆರು ತಿಂಗಳ ಮೇಲೆ ಬೇರೊಂದು ಬೀದಿಯಲ್ಲಿ ಮನೆ ಸಿಕ್ಕಿತು. ಮಾರಿದ ವಿಧವೆ ತಾಯಿಯವರು ಕೇಳಿದ ಪ್ರಶ್ನೆ ಒಂದೇ: "ಹಿತ್ತಲಿನ ಮಾವಿನ ಮರ ಕಡಿಯೋದಿಲ್ಲ ತಾನೆ?" ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತು ಬೇಕಾಗಲೇ ಇಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರಕ್ಕೆ ಸಾಕ್ಷಿಯಾಗಿ ನಾನೇ ಸಹಿ ಹಾಕಿದೆ. ಅಷ್ಟರ ಮಟ್ಟಿಗೆ ಮನಸ್ಸು ಹಗುರವಾಯಿತು.

ಗೃಹಪ್ರವೇಶದ ದಿನ ಶಿಷ್ಯನ ತಾಯಿ ಮನೆಯೆಲ್ಲ ಸುತ್ತಿ ನೋಡಿ, ಕೊನೆಗೆ ಹಿತ್ತಲ ಬಾಗಿಲು ತೆರೆದು ಓಣಿಯನ್ನು ನೋಡಿದರು. ಏನೂ ಹೇಳದೆ ಬಾಗಿಲು ಮುಂದೂಡಿ ಚಿಲಕ ಹಾಕಿದರು. ಆಮೇಲೆ ನನ್ನನ್ನು ಕರೆದು, "ಬನ್ನಿ ಮೇಷ್ಟ್ರೇ, ಊಟಕ್ಕೆ ಎಲೆ ಹಾಕಿದೆ" ಎಂದರು.

ಹಳೆಯ ಬಡಾವಣೆಗಳಲ್ಲಿ ಬಾಳಿದ ನನ್ನ ವಯಸ್ಸಿನ ಓದುಗರಲ್ಲಿ ಒಂದು ಬಿನ್ನಹ. ತಮ್ಮ ಬೀದಿಯ ಮರಗಳನ್ನೂ ಮಹನೀಯರನ್ನೂ ಕುರಿತು ನಾವೆಲ್ಲ ಸಾಕಷ್ಟು ಬರೆದಿದ್ದೇವೆ. ಹಿಂದಿನ ಓಣಿಯ ನೆನಪುಗಳನ್ನೂ ಬರೆದಿಡಿ. ಅವನ್ನು ಕಂಡವರು ಈಗ ಉಳಿದಿರುವುದು ಕೆಲವರೇ.