ಲಾಬಾಸ್ತಿದಾದ ಗುರು ಮತ್ತು ಹಳೆಯ ದ್ರಾಕ್ಷಾರಸ

ಹಳೆಯ ದ್ರಾಕ್ಷಾರಸದ ರುಚಿ ಕಂಡವರ ಪ್ರಸ್ತಾಪ ಸಂತ ಲೂಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಬರುತ್ತದೆ. ಆದರೆ ಇಂದು ಹಳೆಯ ಕೆಂಪು ದ್ರಾಕ್ಷಾರಸಕ್ಕೇ ಹೆಸರಾಗಿರುವ ಉತ್ತರ ಸ್ಪೇನಿನ ರಿಯೋಹಾ ಸೀಮೆಯಲ್ಲಿ ಆ ರುಚಿ ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ದ್ರಾಕ್ಷಿಯೇನೋ ಅಲ್ಲಿಗೆ ಹೊಸದಲ್ಲ. ಎಬ್ರೊ ನದಿಯ ಈ ಸೀಮೆಯಲ್ಲಿ ಸಂತ ಮಿಲಿಯಾನರ ಹೆಸರಿನ ಪ್ರಾಚೀನ ಮಠವಿದೆ. 13ನೆಯ ಶತಮಾನದಲ್ಲಿ ಆ ಮಠದ ಒಡನಾಟದಲ್ಲಿದ್ದ ಗುರು-ಕವಿ ಗೊನ್ಸಾಲೊ ದೆ ಬೆರ್ಸೆಯೊ, ತನ್ನ ಪದ್ಯಕ್ಕೆ ಸಂಭಾವನೆಯಾಗಿ ಒಂದು ಬಟ್ಟಲು ಒಳ್ಳೆಯ ದ್ರಾಕ್ಷಾರಸವನ್ನು ಕೇಳಿದವನು. ಆದರೆ ಅವನ ನಾಡಿನ ದ್ರಾಕ್ಷಾರಸವನ್ನು ವರ್ಷದೊಳಗೇ ಕುಡಿದು ಮುಗಿಸಬೇಕಿತ್ತು. ಬೇಸಿಗೆ ಕಾದರೆ ಅದು ಹುಳಿಯುತ್ತಿತ್ತು. ಹೊಸ ಸುಗ್ಗಿಗೆ ಜಾಗ ಸಾಲದಾದಾಗ ಉಳಿದದ್ದನ್ನು ಬೀದಿಗೆ ಚೆಲ್ಲುತ್ತಿದ್ದುದೂ ಉಂಟು.

18ನೆಯ ಶತಮಾನದ ಕೊನೆಯಲ್ಲಿ ಲಾಬಾಸ್ತಿದಾ ಎಂಬ ಊರಿನ ಮಾನುಯೆಲ್ ಕಿಂತಾನೊ ಎಂಬ ಗುರುಗಳು ಫ್ರಾನ್ಸಿನ ಬೋರ್ಡೋ ಪ್ರದೇಶದ ಪದ್ಧತಿಯನ್ನು ಕಲಿತು ಬಂದರು. ರಸವನ್ನು ಓಕ್ ಮರದ ಪೀಪಾಯಿಗಳಲ್ಲಿಟ್ಟು, ಮಡ್ಡಿಯಿಂದ ಮತ್ತೆ ಮತ್ತೆ ಬೇರ್ಪಡಿಸಿ, ಹದವಾಗಲು ಬಿಡುವುದೇ ಆ ಪದ್ಧತಿ. 1790ರ ದಶಕದಲ್ಲಿ ಅವರು ಕಳುಹಿಸಿದ ದ್ರಾಕ್ಷಾರಸ ಅಟ್ಲಾಂಟಿಕ್ ಸಾಗರವನ್ನು ದಾಟಿ, ಕೆಡದೆ ಕ್ಯೂಬಾ ತಲುಪಿತು. ಆದರೂ ಅವರು ಸೋತರು. ಊರಿನ ದ್ರಾಕ್ಷಾರಸಕ್ಕೆಲ್ಲ ಒಂದೇ ಬೆಲೆ ಎಂಬ ಕಟ್ಟಳೆಯನ್ನು ಬೆಳೆಗಾರರು ಬಿಟ್ಟುಕೊಡಲಿಲ್ಲ. ಪೀಪಾಯಿಯ ಖರ್ಚು, ಕಾದ ವರ್ಷಗಳು, ಆವಿಯಾಗಿ ಹೋದ ರಸ ಇವಾವುವೂ ಲೆಕ್ಕಕ್ಕೆ ಬರಲಿಲ್ಲ. ಪದ್ಧತಿ ಅಲ್ಲಿಗೇ ನಿಂತಿತು.

ಆ ಬೆಳೆಗಾರರನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಈ ವರ್ಷದ ಫಸಲಿನಿಂದಲೇ ಈ ವರ್ಷದ ರೊಟ್ಟಿಯನ್ನು ಕೊಳ್ಳಬೇಕಾದವನು ಐದು ವರ್ಷ ಹೇಗೆ ಕಾದಾನು? ಕಾಯುವುದು ಉಳ್ಳವರಿಗೆ ಮಾತ್ರ ಸಾಧ್ಯವಾದರೆ ತನ್ನ ಸರಕು ಕೀಳಾಗುವುದೆಂಬ ಅವನ ಭಯ ನಿಜವಾದದ್ದೇ.

ಮುಂದೆ ಗೆದ್ದವರು ಉಳ್ಳವರೇ. 1852ರಲ್ಲಿ ಲೂಸಿಯಾನೊ ಮುರಿಯೆತಾ ಎಂಬವರು ಅದೇ ಬೋರ್ಡೋ ವಿಧಾನವನ್ನು ಮತ್ತೆ ತಂದರು. ಬಳಿಕ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿಯ ಬೇರುಗಳನ್ನು ನಾಶಮಾಡಿದಾಗ ಅಲ್ಲಿನ ವರ್ತಕರು ರಿಯೋಹಾದ ಆರೋ ಪಟ್ಟಣಕ್ಕೆ ಬಂದರು. ಅದೇ ಪಟ್ಟಣದಲ್ಲಿ 1877ರಲ್ಲಿ ಆರಂಭವಾದ ಲೋಪೆಸ್ ದೆ ಎರೆದಿಯಾ ಮನೆತನದ ನೆಲಮಾಳಿಗೆ ಇಂದಿಗೂ ಹಳೆಯ ಕ್ರಮವನ್ನು ಬಿಟ್ಟಿಲ್ಲ. ಪೀಪಾಯಿಗಳನ್ನು ಅವರೇ ಅಮೆರಿಕದ ಓಕ್ ಮರದಿಂದ ಕಟ್ಟುತ್ತಾರೆ. ರಸವನ್ನು ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುತ್ತಾರೆ. ಜೇಡರಬಲೆಗಳನ್ನು ಗುಡಿಸುವುದೇ ಇಲ್ಲ. ಬಿರಡೆ ಕೊರೆಯುವ ಪತಂಗಗಳನ್ನು ಜೇಡಗಳು ಹಿಡಿದುಕೊಳ್ಳುತ್ತವೆ! ಅತಿ ದೀರ್ಘಕಾಲ ಹದಗೊಂಡ ಕೆಂಪು ದ್ರಾಕ್ಷಾರಸಕ್ಕೆ ಸ್ಪೇನಿನಲ್ಲಿ 'ಗ್ರಾನ್ ರೆಸೆರ್ವಾ' ಎಂಬ ಹೆಸರು. ರಿಯೋಹಾದ ನಿಯಮದಂತೆ ಅದಕ್ಕೆ ಒಟ್ಟು 5 ವರ್ಷ ಸಾಕು. ಈ ಮನೆಯವರು ಪೀಪಾಯಿಯಲ್ಲೇ ಸುಮಾರು 10 ವರ್ಷ ಇಡುತ್ತಾರೆ.

ಕುಡಿತದಿಂದ ಒಡೆದ ಸಂಸಾರಗಳನ್ನು ಕಂಡಿರುವ ನಮಗೆ ಇಂಥ ವರ್ಣನೆ ಇರಿಸುಮುರಿಸಾಗಬಹುದು. ಆದರೆ ಇದು ಗುಟುಕರಿಸಿ ಮುಗಿಸುವ ವಸ್ತುವಲ್ಲ. 1964ರ ರಿಯೋಹಾ ಸುಗ್ಗಿ ಆ ಶತಮಾನದ ಶ್ರೇಷ್ಠ ಸುಗ್ಗಿಗಳಲ್ಲೊಂದು. ಜಗದ್ಗುರು ಆರನೆಯ ಪೌಲರು ಪರಮಪ್ರಸಾದ ಸಮ್ಮೇಳನಕ್ಕಾಗಿ ಮುಂಬಯಿಗೆ ಬಂದ ಆ ಡಿಸೆಂಬರಿನಲ್ಲಿ ಅದರ ರಸ ಇನ್ನೂ ಎಳೆಯದು, ಕಡುಗೆಂಪು, ನಾಲಗೆ ಹಿಡಿಯುವಷ್ಟು ಒಗರು. ದಶಕಗಳು ಉರುಳಿದಂತೆ ಒಗರೂ ಬಣ್ಣವೂ ಒಂದಕ್ಕೊಂದು ಬೆಸೆದು ತಳಕ್ಕಿಳಿಯುತ್ತವೆ. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ಒಣ ಅಂಜೂರ, ಹೊಗೆಸೊಪ್ಪು, ಹಳೆಯ ಚರ್ಮದ ಪರಿಮಳ ಮೇಲೇಳುತ್ತದೆ. ಅಮೆರಿಕದ ಓಕ್ ಮರ ಕೊಡುವ ಒಣಕೊಬ್ಬರಿಯ ಸುಳಿವೂ ಅದರೊಳಗಿರುತ್ತದೆ. ಇಷ್ಟು ಹಳೆಯದನ್ನು ಅಲುಗಿಸದೆ ಬಗ್ಗಿಸಬೇಕು. ಗಾಳಿ ತಾಕಿದ ಕೆಲವೇ ಗಂಟೆಗಳಲ್ಲಿ ಪರಿಮಳ ಕುಂದತೊಡಗುತ್ತದೆ. ಕೊನೆಗೆ ಸೀಸೆಯ ತಳದಲ್ಲಿ ಮಣ್ಣಿನಂಥ ಕಪ್ಪು ಮಡ್ಡಿ ಉಳಿಯುತ್ತದೆ. ಅದನ್ನು ಯಾರೂ ಬಟ್ಟಲಿಗೆ ಸುರಿಯುವುದಿಲ್ಲ.