ಬಸ್ ಹತ್ತುವ ಕಾಲದಿಂದ ಫೋನ್ ಕರೆಯವರೆಗೆ

ಮನಸ್ಸಿನ ಕಾಯಿಲೆ ಎಂದರೆ ನಮ್ಮ ಹಿರಿಯರು ಬೆಂಗಳೂರಿಗೋ ಧಾರವಾಡಕ್ಕೋ ಬಸ್ ಹತ್ತಬೇಕಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಚಿಕಿತ್ಸೆ ಹಳ್ಳಿಯ ಹತ್ತಿರಕ್ಕೆ ಬಂತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ದೂರ ಕಡಿಮೆಯಾಯಿತು, ನಾಚಿಕೆ ಹೋಗಲಿಲ್ಲ. ನಾವು ಕಾಲೇಜಿನಲ್ಲಿದ್ದಾಗಲೂ ಅಷ್ಟೇ: ಆಸ್ಪತ್ರೆ ಬಾಗಿಲಲ್ಲಿ ಕಂಡರೆ ಊರಿಗೆಲ್ಲ ಸುದ್ದಿ ಎಂದು ಹೆದರಿ ಸುಮ್ಮನಿರುತ್ತಿದ್ದೆವು.

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಬಂತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಯ ಭಯವೋ ಹಾಸ್ಟೆಲಿನ ಒಂಟಿತನವೋ, ಹೇಳಿಕೊಳ್ಳಲು ಈಗ ಯಾವ ಬಾಗಿಲಲ್ಲೂ ನಿಲ್ಲಬೇಕಿಲ್ಲ. ಕಾಲೇಜಿಗೆ ಹೋಗುವ ಮಕ್ಕಳ ಫೋನಿನಲ್ಲಿ ಈ ನಂಬರನ್ನು ಇವತ್ತೇ ಸೇವ್ ಮಾಡಿಸೋಣ.